ಕಿವಿಗೆ ಒಪ್ಪುವ ಇಯರ್‌ಫೋನ್

ನಮ್ಮ ಒಂದೊಂದು ಕಿವಿಯ ಒಳಗೂ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಶಬ್ದವನ್ನು ಹಿಡಿದು ಮಿದುಳಿಗೆ ಮುಟ್ಟಿಸುವ ಕೆಲಸ ಅವುಗಳದು. ಮೊಣಕಾಲು ತರಚಿದರೆ ಹೊಸ ಚರ್ಮ ಬರುತ್ತದೆ. ಈ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇದನ್ನು ಓದಿ ತಿಳಿಯುವ ಮೊದಲೇ ಅನುಭವಿಸಿ ತಿಳಿದವನು ನಾನು. ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ 26 ವರ್ಷ ಮಗ್ಗದ ಮುಂದೆ ನಿಂತವನು. ಆ ಸದ್ದಿನಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುತ್ತಿದ್ದೆವು. ಕಿವಿಗೆ ಒಂದಿಷ್ಟು ಹತ್ತಿ ತುರುಕಿಕೊಳ್ಳುವುದೇ ಆಗಿನ ರಕ್ಷಣೆ. ಈಗ ನನಗೆ ಮಾತು ಕೇಳುತ್ತದೆ, ಆದರೆ ಸೊಪ್ಪು ಎಂದರೋ ತುಪ್ಪ ಎಂದರೋ ಎಂದು ಮತ್ತೊಮ್ಮೆ ಕೇಳಬೇಕು.

ಮಕ್ಕಳೇ, ಇಯರ್‌ಫೋನ್ ಬಗ್ಗೆ ಬರೆಯಲು ಈ ಅಜ್ಜ ಯಾಕೆ ಕೂತ ಎಂದು ನಿಮಗೆ ಈಗ ಗೊತ್ತಾಗಿರಬೇಕು.

ನಾನೀಗ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಎಂಟನೇ ತರಗತಿ, ಹಾಡುಗಾರಿಕೆ ಕಲಿಯುತ್ತಿದ್ದಾಳೆ. ಅವಳನ್ನು ಬಸ್ಸಿನಲ್ಲಿ ಪಾಠಕ್ಕೆ ಕರೆದೊಯ್ಯುವುದು ನನ್ನ ಕೆಲಸ. ದಾರಿಯುದ್ದಕ್ಕೂ ಹಿಂದಿನ ಪಾಠದ ರೆಕಾರ್ಡಿಂಗ್ ಕೇಳುತ್ತಾ ಬರುತ್ತಾಳೆ. ಅವಳ ಹಳೆಯ ಇಯರ್‌ಫೋನ್ ಕಿವಿಯಲ್ಲಿ ಸಡಿಲವಾಗಿ ಕೂರುತ್ತಿತ್ತು. ಬಸ್ಸಿನ ಸದ್ದು ಒಳನುಗ್ಗುತ್ತಿತ್ತು. ಅದನ್ನು ಮೀರಿಸಲು ಅವಳು ವಾಲ್ಯೂಮ್ ಏರಿಸುತ್ತಿದ್ದಳು. ಒಂದು ದಿನ ಸಿಗ್ನಲ್ಲಿನಲ್ಲಿ ಬಸ್ ನಿಂತಾಗ ಆ ಹಾಡು ಪಕ್ಕದಲ್ಲಿ ಕೂತ ನನಗೇ ಕೇಳಿಸಿತು. ಮಗ್ಗಕ್ಕೆ ಸೋತ ನನ್ನ ಕಿವಿಗೇ ಕೇಳುವಷ್ಟು ಜೋರು ಎಂದರೆ, ಅವಳ ಕಿವಿಯ ಒಳಗೆ ಎಷ್ಟಿರಬೇಡ! ಹೊಸದನ್ನು ತರೋಣ, ಆದರೆ 2,500 ರೂಪಾಯಿ ದಾಟಬಾರದು ಎಂದು ಮನೆಯಲ್ಲಿ ತೀರ್ಮಾನವಾಯಿತು.

"ಅಜ್ಜ, ನಂಗೆ ಐಇಎಂ ಬೇಕು" ಎಂದಳು. ಹಾಗೆಂದರೆ ಇನ್-ಇಯರ್ ಮಾನಿಟರ್. ವೇದಿಕೆಯ ಮೇಲೆ ಹಾಡುವವರಿಗೆ ತಮ್ಮ ದನಿ ತಮಗೆ ಕೇಳಬೇಕು. ಅದಕ್ಕಾಗಿ ಕಾಲ ಬಳಿ ಅವರತ್ತ ಮುಖ ಮಾಡಿದ ಸ್ಪೀಕರ್ ಇಡುತ್ತಾರೆ. ಅದಕ್ಕೆ ಮಾನಿಟರ್ ಎಂದು ಹೆಸರು. ವಾದ್ಯಗಳ ಅಬ್ಬರ ಹೆಚ್ಚಿದಷ್ಟೂ ಅದನ್ನೂ ಜೋರು ಮಾಡಬೇಕಾಗುತ್ತದೆ. ಆ ಸ್ಪೀಕರನ್ನೇ ಚಿಕ್ಕದು ಮಾಡಿ, ಕಿವಿಯ ರಂಧ್ರಕ್ಕೆ ಬಿರಡೆಯಂತೆ ಕೂರುವ ಹಾಗೆ ಮಾಡಿದ್ದೇ ಇದು. ಹೊರಗಿನ ಗದ್ದಲ ತಡೆದರೆ ಒಳಗಿನ ದನಿ ಮೆಲ್ಲಗಿದ್ದರೂ ಸಾಕು. ಇದರ ನಿಜವಾದ ಉಪಕಾರ ಇಷ್ಟೇ, ಮತ್ತು ಇದು ದೊಡ್ಡದೇ.

ಎಸ್.ಪಿ. ರಸ್ತೆಯ ಒಂದು ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಒಂದರ ಮೇಲೊಂದು ಡಬ್ಬಿ ತೆರೆದಿಟ್ಟ. "ಯಜಮಾನ್ರೇ, ಇದು ನೋಡಿ, 40,000 ಹರ್ಟ್ಸ್‌ವರೆಗೆ ಬರುತ್ತೆ" ಎಂದ. ಮನುಷ್ಯರಿಗೆ ಕೇಳುವುದು ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಮಾತ್ರ. ವಯಸ್ಸಾದಂತೆ ಆ ಮೇಲಿನ ಅಂಚು ಇನ್ನೂ ಕೆಳಗಿಳಿಯುತ್ತದೆ. "40,000 ನಮ್ಮ ಬೀದಿ ನಾಯಿಗೆ ಕೇಳೀತಪ್ಪ, ನಮಗಲ್ಲ" ಎಂದೆ. ಅವನೂ ನಕ್ಕ. ಇನ್ನೊಂದು ಡಬ್ಬಿಯ ಮೇಲೆ ನಾಲ್ಕು ಡ್ರೈವರ್ ಎಂದು ದೊಡ್ಡ ಅಕ್ಷರವಿತ್ತು. ಡ್ರೈವರ್ ಎಂದರೆ ದನಿ ಹುಟ್ಟಿಸುವ ಭಾಗ: ಒಂದು ಅಯಸ್ಕಾಂತ, ಒಂದು ತಂತಿ ಸುರುಳಿ, ಅದರೊಡನೆ ಅದುರುವ ಒಂದು ತೆಳು ಪೊರೆ. ನಾಲ್ಕು ಅಡುಗೆಯವರಿದ್ದ ಮಾತ್ರಕ್ಕೆ ಸಾರು ರುಚಿಯಾಗುವುದಿಲ್ಲವಲ್ಲ? ಹಾಗೆಯೇ ಇದೂ. ನಮ್ಮ ದುಡ್ಡಿನ ಮಿತಿಯಲ್ಲಿ ಚೆನ್ನಾಗಿ ಹದ ಮಾಡಿದ ಒಂದೇ ಡ್ರೈವರ್ ಧಾರಾಳ ಸಾಕು.

ತಂತಿಯಿಲ್ಲದ್ದು ಬೇಕೋ, ತಂತಿಯದೋ ಎಂಬ ಪ್ರಶ್ನೆಯೂ ಬಂತು. ತಂತಿಯಿಲ್ಲದ್ದರ ಬೆಲೆಯಲ್ಲಿ ಬ್ಯಾಟರಿಗೆ, ಬ್ಲೂಟೂತ್‌ಗೆ, ಚಾರ್ಜ್ ಮಾಡುವ ಡಬ್ಬಿಗೆ ಪಾಲು ಹೋಗುತ್ತದೆ. ಕೆಲವು ವರ್ಷಗಳಲ್ಲಿ ಬ್ಯಾಟರಿ ಸೊರಗುತ್ತದೆ. ತಂತಿಯದರಲ್ಲಿ ಕೊಟ್ಟ ಕಾಸು ಹೆಚ್ಚಾಗಿ ದನಿಗೇ ಸೇರುತ್ತದೆ. ಹಾಗಾಗಿ ತಂತಿಯದೇ ಎಂದೆವು. ಅವಳಮ್ಮನ ಫೋನಿನಲ್ಲಿ ಹಳೆಯ ದುಂಡು ತೂತು ಇಲ್ಲ. ಅದಕ್ಕೊಂದು ಟೈಪ್-ಸಿ ಕನೆಕ್ಟರ್ ಬೇಕಾಯಿತು. ಕೊಳ್ಳುವ ಮೊದಲೇ ನಿಮ್ಮ ಫೋನಿನ ತೂತು ಯಾವುದೆಂದು ನೋಡಿಕೊಂಡು ಹೋಗಿ.

ಇನ್ನು ನಾವು ನೋಡಿದ ಮೂರು ಗುಣ ಹೇಳುತ್ತೇನೆ.

ಮೊದಲನೆಯದು, ಕಿವಿಗೆ ಕೂರಬೇಕು. ಇದರ ತುದಿಗೆ ಸಿಲಿಕಾನ್ ಟೋಪಿಗಳಿರುತ್ತವೆ: ಚಿಕ್ಕದು, ಮಧ್ಯಮ, ದೊಡ್ಡದು. ಒಬ್ಬರದೇ ಎಡಗಿವಿ ಬಲಗಿವಿ ಒಂದೇ ಅಳತೆ ಇರಬೇಕೆಂದಿಲ್ಲ. ನಮ್ಮವಳ ಎಡಕ್ಕೆ ಚಿಕ್ಕದು, ಬಲಕ್ಕೆ ಮಧ್ಯಮ ಸರಿಹೋಯಿತು. ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯಲು ಮೃದಂಗ ಕೇಳಬೇಕು. ಟೋಪಿ ಸಡಿಲವಾಗಿದ್ದರೆ ಮೊದಲು ಸೋರಿಹೋಗುವುದು ಕೆಳದನಿ. ಎಡಗಡೆಯ 'ಗುಂ' ಎಂಬ ನಾದ ಬಡಕಲಾಗುತ್ತದೆ. ಸರಿಯಾಗಿ ಕೂತರೆ ಅದೇ ನಾದ ತುಂಬಿ ಬರುತ್ತದೆ. ಪಾಪ, ಎಷ್ಟೋ ಜನ ಟೋಪಿ ಬದಲಿಸಿ ನೋಡದೆಯೇ ಇಯರ್‌ಫೋನ್ ಚೆನ್ನಾಗಿಲ್ಲ ಎಂದುಬಿಡುತ್ತಾರೆ.

ಎರಡನೆಯದು, ದನಿ ಸಮತೋಲವಾಗಿರಬೇಕು. ಇದಕ್ಕೆ ನಿಮಗೆ ಬಾಯಿಪಾಠವಾದ ಹಾಡನ್ನೇ ಕೇಳಿ. ಅವಳು ತನ್ನ ಗುರುಗಳ ರೆಕಾರ್ಡಿಂಗನ್ನೇ ಹಾಕಿದಳು. ಒಂದು ಇಯರ್‌ಫೋನಿನಲ್ಲಿ ಸ, ಶ ಅಕ್ಷರಗಳು ಚುಚ್ಚಿದವು. ಮತ್ತೊಂದರಲ್ಲಿ ಮೃದಂಗವೇ ಮುಂದೆ ಬಂದು ದನಿ ಹಿಂದೆ ಸರಿಯಿತು. ಮೂರನೆಯದರಲ್ಲಿ ಕಣ್ಣು ಮುಚ್ಚಿದಳು. "ಅಜ್ಜ, ಇದರಲ್ಲಿ ತಂಬೂರಿ ತಂತಿ ಒಂದೊಂದೂ ಬೇರೆ ಬೇರೆ ಕೇಳ್ತಿದೆ" ಎಂದಳು. ಅದರ ಬೆಲೆ 1,900 ರೂಪಾಯಿ. ಮೊದಲು ನೋಡಿದ ಎರಡೂ ಅದಕ್ಕಿಂತ ದುಬಾರಿ.

ಮೂರನೆಯದು, ತಂತಿ ಬಿಚ್ಚಿ ಬದಲಿಸುವಂತಿರಬೇಕು. ಇಯರ್‌ಫೋನಿನಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ತಂತಿ. ಅದು ಬಿಚ್ಚಿ ಬರುವಂತಿದ್ದರೆ ಹೊಸ ತಂತಿ ಹಾಕಿದರಾಯಿತು. ಇಡೀ ವಸ್ತುವನ್ನು ಬಿಸಾಡಬೇಕಿಲ್ಲ.

ಮನೆಗೆ ಬಂದ ಮೇಲೆ ಅವಳಿಗೊಂದು ಲೆಕ್ಕ ಕೊಟ್ಟೆ. ನೀವೂ ಮಾಡಿ. ಮಕ್ಕಳು 75 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೊಡ್ಡವರಿಗೆ ಇದು 80 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕಿಳಿಯುತ್ತದೆ. ಹಾಗಾದರೆ 87 ಡೆಸಿಬಲ್‌ನಲ್ಲಿ ಮಕ್ಕಳು ವಾರಕ್ಕೆ ಎಷ್ಟು ಗಂಟೆ ಕೇಳಬಹುದು? ಅವಳು ಬೆರಳು ಮಡಿಸಿದಳು: 78ಕ್ಕೆ 20, 81ಕ್ಕೆ 10, 84ಕ್ಕೆ 5, 87ಕ್ಕೆ ಎರಡೂವರೆ. "ಅಷ್ಟೇನಾ!" ಎಂದಳು. ಅಷ್ಟೇ. ಈಗ ಬಸ್ಸಿನಲ್ಲಿ ಅವಳ ವಾಲ್ಯೂಮ್ ಅರ್ಧವನ್ನೂ ಮುಟ್ಟುವುದಿಲ್ಲ. ಟೋಪಿ ಬಸ್ಸಿನ ಸದ್ದನ್ನು ತಡೆಯುವುದರಿಂದ ಮುಟ್ಟುವ ಅಗತ್ಯವೂ ಬೀಳುವುದಿಲ್ಲ.

ಸದ್ದು ತಡೆಯುವ ವಸ್ತುವಿಗೆ ಅದರದೇ ಅಪಾಯವಿದೆ. ರಸ್ತೆ ದಾಟುವಾಗ, ಸೈಕಲ್ ಮೇಲೆ ಇದು ಬೇಡವೇ ಬೇಡ, ಹಾರ್ನ್ ಕೇಳುವುದಿಲ್ಲ. ಟೋಪಿಗಳನ್ನು ಆಗಾಗ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ ಹಾಕಿ. ಗೆಳತಿಯರ ಜೊತೆ ತಿಂಡಿ ಹಂಚಿಕೊಳ್ಳಿ, ಕಿವಿಯೊಳಗಿನದು ಬೇಡ.

ನನ್ನ ವಾರಗೆಯವರಿಗೂ ಒಂದು ಮಾತು. ಮಾತು ಸರಿಯಾಗಿ ಕೇಳುತ್ತಿಲ್ಲವೆಂದು ಇಯರ್‌ಫೋನ್ ಹಾಕಿ ಟೀವಿ ಜೋರು ಮಾಡಿಕೊಳ್ಳಬೇಡಿ. ಶ್ರವಣ ಸಾಧನವೇ ಬೇರೆ. ಯಾರ ಕಿವಿಗೆ ಯಾವ ದನಿ ಕಡಿಮೆ ಕೇಳುತ್ತದೋ ಅದನ್ನು ಪರೀಕ್ಷಿಸಿ, ಅಷ್ಟಕ್ಕೆ ಹೊಂದಿಸಿ ಕೊಡುವಂಥದ್ದು ಅದು. ಹತ್ತಿರದ ಕಿವಿ ವೈದ್ಯರ ಬಳಿಗೋ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಹೋಗಿ ತೋರಿಸಿ. ಸಂಕೋಚ ಬೇಡ, ಕನ್ನಡಕಕ್ಕೆ ಇಲ್ಲದ ಸಂಕೋಚ ಇದಕ್ಕೇಕೆ?

ತಂಬೂರಿಯ ತಂತಿಗಳು ನನಗೆ ಬೇರೆ ಬೇರೆಯಾಗಿ ಕೇಳುವುದಿಲ್ಲ. ಒಂದು ಗುಂಯ್ ಮಾತ್ರ ಕೇಳುತ್ತದೆ. ಆದರೆ ನಮ್ಮ ಹುಡುಗಿಗೆ ನನ್ನ ವಯಸ್ಸಾದಾಗಲೂ ಅವು ಒಂದೊಂದಾಗಿ ಕೇಳಬೇಕು. 1,900 ರೂಪಾಯಿ ಕೊಟ್ಟು ನಾವು ತಂದದ್ದು ಅದಕ್ಕೇ.