ಬಾಸ್ಟನ್ನಿನ ಮೂರು ಶಾಲೆಗಳು

ಅಮೆರಿಕದ ಬಾಸ್ಟನ್ನಿಗೆ ಹೋದವರು ಹಾರ್ವರ್ಡ್, ಎಂ.ಐ.ಟಿ.ಗಳ ಮುಂದೆ ಫೋಟೊ ತೆಗೆಸಿಕೊಂಡು ಮರಳುವುದು ವಾಡಿಕೆ. ಆ ಊರಿನ ಆಸುಪಾಸಿನಲ್ಲಿ ನೋಡತಕ್ಕ ಬೇರೆ ಮೂರು ತಾಣಗಳಿವೆ. ಕಣ್ಣು ಕಾಣದ, ನಡೆಯಲಾಗದ, ಮಾತು ಬಾರದ ಮಗುವನ್ನು ಎಲ್ಲಿ ಕೂರಿಸಿ ಕಲಿಸಬೇಕು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲ ಕೊಟ್ಟ ಉತ್ತರಗಳು ಅಲ್ಲಿ ಸಿಗುತ್ತವೆ.

ಚಾರ್ಲ್ಸ್ ನದಿಯ ದಂಡೆಯ ವಾಟರ್‌ಟೌನ್‌ನಲ್ಲಿ ಎತ್ತರದ ಗೋಪುರ ಹೊತ್ತು ನಿಂತಿರುವುದು ಪರ್ಕಿನ್ಸ್ ಅಂಧರ ಶಾಲೆ. ಸ್ಥಾಪನೆ 1829ರಲ್ಲಿ, ಈ ಜಾಗಕ್ಕೆ ಬಂದದ್ದು 1912ರಲ್ಲಿ. ಹೆಲೆನ್ ಕೆಲ್ಲರ್‌ಗೆ ಅಕ್ಷರ ಕಲಿಸಿದ ಆನ್ ಸಲಿವನ್ ಈ ಶಾಲೆಯ ವಿದ್ಯಾರ್ಥಿನಿ. ನಮ್ಮ ಅಂಧರ ಶಾಲೆಗಳಲ್ಲಿ ಟಕಟಕ ಸದ್ದು ಮಾಡುವ ಬ್ರೈಲ್ ಯಂತ್ರದ ತವರೂ ಇದೇ. ಅದರ ಹೆಸರೇ ಪರ್ಕಿನ್ಸ್ ಬ್ರೈಲರ್.

ಸೋಜಿಗವೆಂದರೆ, ಶಾಲೆಯ ಮೊದಲ ನಿರ್ದೇಶಕ ಡಾ. ಸ್ಯಾಮ್ಯುಯೆಲ್ ಹೋವ್ ಅವರು 1866ರಲ್ಲಿ ಇನ್ನೊಂದು ಅಂಧರ ಶಾಲೆಯ ಶಂಕುಸ್ಥಾಪನೆಗೆ ಹೋಗಿ, ಇಂಥವರನ್ನು ಸಮಾಜದಿಂದ ಬೇರ್ಪಡಿಸಿ ಒಂದೆಡೆ ಕೂಡಿಹಾಕುವುದು ತರವಲ್ಲ ಎಂದೇ ಭಾಷಣ ಮಾಡಿದರು. ಶುಭಕಾರ್ಯದಲ್ಲಿ ಆಡಿದ ಆ ಮಾತು ಎಷ್ಟು ಜನಕ್ಕೆ ರುಚಿಸಿತೋ!

ಅವರ ಅಂಜಿಕೆ ಸುಳ್ಳಾಗಲಿಲ್ಲ. ಬುದ್ಧಿಮಾಂದ್ಯರಿಗಾಗಿ ಹೋವ್ ಅವರೇ 1848ರಲ್ಲಿ ಆರಂಭಿಸಿದ್ದ ಸಂಸ್ಥೆ ಮುಂದೆ ಪಕ್ಕದ ವಾಲ್ಥಮ್‌ಗೆ ಬಂದು, ಫರ್ನಾಲ್ಡ್ ಶಾಲೆ ಎನಿಸಿತು. ಓಟ್ಸ್ ಗಂಜಿಯಲ್ಲಿನ ಕಬ್ಬಿಣ, ಕ್ಯಾಲ್ಸಿಯಂ ದೇಹಕ್ಕೆ ಎಷ್ಟು ಸೇರುತ್ತದೆಂದು ತಿಳಿಯಲು ಎಂ.ಐ.ಟಿ. ವಿಜ್ಞಾನಿಗಳು 1940-50ರ ದಶಕಗಳಲ್ಲಿ ಇಲ್ಲಿನ ಹುಡುಗರ ಗಂಜಿ, ಹಾಲಿಗೆ ವಿಕಿರಣಶೀಲ ಧಾತುಗಳನ್ನು ಬೆರೆಸಿದರು. ವಿಕಿರಣದ ಪ್ರಮಾಣ ಅಲ್ಪವಿತ್ತು, ನಿಜ. ಆದರೆ ಪೋಷಕರಿಗೆ ಬರೆದ ಪತ್ರದಲ್ಲಿ ವಿಕಿರಣದ ಸುದ್ದಿಯೇ ಇರಲಿಲ್ಲ. ಹುಡುಗರಿಗೆ ಹಚ್ಚಿದ ಆಸೆ ‘ವಿಜ್ಞಾನ ಸಂಘ’ದ ಸದಸ್ಯತ್ವ! ವಿಜ್ಞಾನದ ಹೆಸರಿಗೆ ಇದಕ್ಕಿಂತ ನಾಚಿಕೆ ಬೇಕೆ? ಸಂಗತಿ ಬಯಲಾದದ್ದು 1993ರ ಕೊನೆಯಲ್ಲಿ. ಸಂಸ್ಥೆ 2014ರಲ್ಲಿ ಮುಚ್ಚಿತು.

ಮೂರನೆಯ ಶಾಲೆಗೆ ನಗರದ ದಕ್ಷಿಣದ ಡಾರ್ಚೆಸ್ಟರ್‌ಗೆ ಹೋಗಬೇಕು. ಮೂರಂತಸ್ತಿನ ಮರದ ಮನೆಗಳು, ವಿಯೆಟ್ನಾಮಿ ಅಂಗಡಿಗಳ ಸಾಮಾನ್ಯ ಜನರ ಬಡಾವಣೆ. ಇಲ್ಲಿನ ಸರಕಾರಿ ಶಾಲೆಯೊಂದಕ್ಕೆ 1989ರಲ್ಲಿ ಮುಖ್ಯೋಪಾಧ್ಯಾಯರಾಗಿ ಬಂದ ವಿಲಿಯಂ ಹೆಂಡರ್ಸನ್ ಅವರಿಗೆ ಅಕ್ಷಿಪಟಲದ ಕಾಯಿಲೆಯಿಂದ ದೃಷ್ಟಿ ಕುಂದುತ್ತಿತ್ತು. ಮುಂದೆ ಪೂರ್ತಿ ಹೋಯಿತು. ಅವರು ಶಾಲೆ ಬಿಡಲಿಲ್ಲ. ಗಾಲಿಕುರ್ಚಿಯ ಮಗು, ಆಟಿಸಂ ಇರುವ ಮಗು, ನೆರೆಮನೆಯ ಮಗು, ಎಲ್ಲರಿಗೂ ಒಂದೇ ತರಗತಿ, ಒಂದೇ ಹಾಜರಿ ಪುಸ್ತಕ. ಅವರು ನಿವೃತ್ತರಾದ 2009ರಲ್ಲಿ ಶಾಲೆಗೆ ಅವರದೇ ಹೆಸರಿಟ್ಟರು.

ಈಗ ಇಂಥ ತರಗತಿಗಳಿಗೆ ಸಲಕರಣೆಗಳ ಕೊರತೆಯಿಲ್ಲ. ಏರಿಸಿ ಇಳಿಸಬಹುದಾದ ಮೇಜು, ಸರಿಸಬಹುದಾದ ಕುರ್ಚಿ, ಗದ್ದಲ ತಾಳದ ಮಗುವಿಗೊಂದು ಶಾಂತ ಮೂಲೆ. ಕೈಯನ್ನೂ ಆಡಿಸಲಾಗದ ಮಗು ನೋಟದಿಂದಲೇ ‘ಮಾತನಾಡುವ’ ಯಂತ್ರವೂ ಉಂಟು. ಅದು ಕಣ್ಣಿಗೆ ಅವಕೆಂಪು ಕಿರಣ ಬಿಡುತ್ತದೆ; ಪ್ರತಿಫಲಿಸಿದ ಬೆಳಕನ್ನು ಕ್ಯಾಮೆರಾ ಹಿಡಿದು, ನೋಟ ಪರದೆಯ ಯಾವ ಪದದ ಮೇಲೆ ನಿಂತಿದೆಯೆಂದು ಲೆಕ್ಕಹಾಕುತ್ತದೆ. ಯಂತ್ರ ಆ ಪದವನ್ನು ಉಚ್ಚರಿಸುತ್ತದೆ. ಒಂದು ವಾಕ್ಯಕ್ಕೆ ನಿಮಿಷಗಳೇ ಹಿಡಿಯಬಹುದು. ಅಷ್ಟು ಹೊತ್ತು ಉಳಿದ ಮಕ್ಕಳು ಕಾಯಬೇಕು. ಕಾಯುವುದನ್ನು ಯಾವ ಮೇಜೂ ಕಲಿಸದು.

ಹೆಂಡರ್ಸನ್ ಶಾಲೆಯ ಬಲವಿರುವುದು ಬೇರೆಡೆ. ಅಲ್ಲಿ ತರಗತಿಗೆ ಇಬ್ಬರು ಶಿಕ್ಷಕರ ಪದ್ಧತಿ: ಒಬ್ಬರು ಸಾಮಾನ್ಯ ಶಿಕ್ಷಣದವರು, ಇನ್ನೊಬ್ಬರು ವಿಶೇಷ ಶಿಕ್ಷಣದವರು. ದುಬಾರಿ ವ್ಯವಸ್ಥೆಯೇ ಸರಿ. ಆದರೆ ಇಬ್ಬರೂ ಎಲ್ಲ ಮಕ್ಕಳಿಗೂ ಮೇಷ್ಟ್ರೇ.