ಬೆಟ್ಟದ ಮೇಲಿನ ಉಪವನ

ಇಟಲಿ ದೇಶದ ದಕ್ಷಿಣ ಭಾಗದಲ್ಲಿ, ಸಲೆರ್ನೊ ಕೊಲ್ಲಿಯ ಅಂಚಿನಲ್ಲಿ, ಬೆಟ್ಟಗಳು ಕಡಲಿನಿಂದ ನೇರವಾಗಿ ಮೇಲೆದ್ದು ನಿಂತಿವೆ. ಅಂಗೈಯಗಲದ ಸಮತಟ್ಟಾದ ನೆಲವೂ ಅಲ್ಲಿ ದುರ್ಲಭ. ಅಂತಹ ಬೆಟ್ಟವೊಂದರ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 350 ಮೀಟರು ಎತ್ತರದಲ್ಲಿ, ರವೆಲ್ಲೊ ಎಂಬ ಪುಟ್ಟ ಪಟ್ಟಣವಿದೆ. ಕೆಳಗಿನ ಅಮಾಲ್ಫಿಯಿಂದ ಅಲ್ಲಿಗೆ ಬಸ್ಸು ಏರಿ ಹೋಗುತ್ತದೆ. ಆದರೆ ಆ ಊರಿನ ಅಂತರಂಗವನ್ನು ಅರಿಯಬಯಸುವ ಪ್ರವಾಸಿಯು ಮಿನೋರಿಯ ತೀರದಿಂದ ಹಳೆಯ ಕಲ್ಲುಮೆಟ್ಟಿಲುಗಳನ್ನು ಹಿಡಿದು ಹತ್ತುವುದೇ ಮೇಲು.

ಮೆಟ್ಟಿಲುಗಳ ಇಕ್ಕೆಲಗಳಲ್ಲಿಯೂ ನಿಂಬೆಯ ತೋಟಗಳು. ಬೆಟ್ಟದ ಇಳಿಜಾರನ್ನು ಹಂತಹಂತವಾಗಿ ಕಡಿದು, ಪ್ರತಿ ಹಂತಕ್ಕೂ ಕಲ್ಲಿನ ಗೋಡೆಯನ್ನು ಆಸರೆಯಾಗಿ ಕೊಟ್ಟು, ಅದರ ಹಿಂದೆ ಮಣ್ಣು ತುಂಬಿ ಮಾಡಿದ ತೋಟಗಳವು. ಚೆಸ್ಟ್‌ನಟ್ ಮರದ ಗಳುಗಳ ಚಪ್ಪರದ ಕೆಳಗೆ ಹಳದಿಯ ಹಣ್ಣುಗಳು ತೂಗುತ್ತವೆ. ಹಿಂದೆ ಈ ಹಣ್ಣುಗಳ ಬುಟ್ಟಿಗಳನ್ನು ಹೊತ್ತು ಹೆಂಗಸರು ಇದೇ ಮೆಟ್ಟಿಲುಗಳಲ್ಲಿ ತೀರಕ್ಕೆ ಇಳಿಯುತ್ತಿದ್ದರು. ಬರಿಗೈಯಲ್ಲಿ ಹತ್ತುವ ಪ್ರವಾಸಿಗೇ ಏದುಸಿರು ಬರುವಾಗ ಆ ಹೊರೆಯ ಭಾರವೆಷ್ಟಿದ್ದೀತು!

ಊರನ್ನು ಸೇರಿದೊಡನೆ ವಿಶಾಲವಾದ ಚೌಕ, ಅದರ ಎದುರಿಗೆ ಹನ್ನೊಂದನೆಯ ಶತಮಾನದಲ್ಲಿ ಸ್ಥಾಪಿತವಾದ ಪ್ರಧಾನ ಇಗರ್ಜಿ. ಅದರ ಕಂಚಿನ ಬಾಗಿಲುಗಳನ್ನು ಬರಿಸಾನೊ ಎಂಬ ಶಿಲ್ಪಿ 1179ರಲ್ಲಿ ನಿರ್ಮಿಸಿದನು. ಒಳಗಿನ ಅಮೃತಶಿಲೆಯ ಉಪದೇಶಪೀಠವನ್ನು ಹೊತ್ತ ಕಂಬಗಳು ಸಿಂಹಗಳ ಬೆನ್ನಿನ ಮೇಲೆ ನಿಂತಿವೆ. 1272ರ ಈ ಪೀಠವನ್ನು ಮಾಡಿಸಿದವರು ವ್ಯಾಪಾರದಿಂದ ಐಶ್ವರ್ಯವಂತರಾದ ರುಫೊಲೊ ಮನೆತನದವರು. ಬೊಕಾಚಿಯೊ ತನ್ನ ‘ಡೆಕಮೆರಾನ್’ ಕೃತಿಯ ಒಂದು ಕಥೆಗೆ ಈ ಮನೆತನದ ಹೆಸರಿನ ವರ್ತಕನೊಬ್ಬನನ್ನೇ ನಾಯಕನನ್ನಾಗಿ ಮಾಡಿಕೊಂಡಿದ್ದಾನೆ.

ಆದರೆ ಸಿರಿ ಸ್ಥಿರವೇ? ರುಫೊಲೊ ಮನೆತನ ಅಳಿಯಿತು. ಚೌಕದ ಪಕ್ಕದಲ್ಲಿದ್ದ ಅವರ ಸೌಧ ಪಾಳುಬಿದ್ದಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿಸ್ ನೆವಿಲ್ ರೀಡ್ ಎಂಬ ಸ್ಕಾಟ್ಲೆಂಡಿನ ಸಸ್ಯಪ್ರಿಯನು ಆ ಹಾಳನ್ನು ಕೊಂಡು, ಗೋಡೆಗಳನ್ನು ಎತ್ತಿ ನಿಲ್ಲಿಸಿ, ಹೂದೋಟವನ್ನು ಬೆಳೆಸಿದನು. 1880ರ ಮೇ ತಿಂಗಳಿನಲ್ಲಿ ಜರ್ಮನಿಯ ಸಂಗೀತಕಾರ ರಿಚರ್ಡ್ ವ್ಯಾಗ್ನರ್ ಇಲ್ಲಿಗೆ ಬಂದನು. ತನ್ನ ‘ಪಾರ್ಸಿಫಾಲ್’ ಗೀತನಾಟಕದ ಮಾಯಾವಿಯ ಉದ್ಯಾನ ಇದೇ ಎಂದು ಅವನಿಗೆ ತೋರಿತು. ಎರಡು ವರ್ಷಗಳ ಬಳಿಕ ಆ ನಾಟಕ ರಂಗವೇರಿತು. ಕೊಡೆಯಂತೆ ಹರಡಿದ ಪೈನ್ ಮರ, ಕೆಳಗೆ ಇಗರ್ಜಿಯೊಂದರ ಜೋಡಿ ಗುಮ್ಮಟ, ಅದರಾಚೆ ನೀಲಿಯ ಕಡಲು—ಈ ನೋಟವನ್ನು ಕಂಡವರಿಗೆ ಅವನ ಬೆರಗು ಸಹಜವೆನಿಸುತ್ತದೆ.

ಊರಿನ ಇನ್ನೊಂದು ತುದಿಯಲ್ಲಿ ಚಿಂಬ್ರೊನೆ ವಿಲ್ಲಾ ಇದೆ. ಅರ್ನೆಸ್ಟ್ ಬೆಕೆಟ್ ಎಂಬ ಇಂಗ್ಲಿಷ್ ಶ್ರೀಮಂತನು 1904ರಲ್ಲಿ ಅದನ್ನು ಕೊಂಡು, ರವೆಲ್ಲೊದವನೇ ಆದ ನಿಕೊಲಾ ಮಾನ್ಸಿಯ ನೆರವಿನಿಂದ ಮರಳಿ ಕಟ್ಟಿಸಿದನು. ಉದ್ಯಾನದ ಕೊನೆಯಲ್ಲಿರುವ ಜಗಲಿಗೆ ‘ಅನಂತದ ಜಗಲಿ’ ಎಂದು ಹೆಸರು. ಸಾಲಾಗಿ ನಿಂತ ಅಮೃತಶಿಲೆಯ ಅರ್ಧಪ್ರತಿಮೆಗಳ ನಡುವಿನಿಂದ ಇಣುಕಿದರೆ, ಕಡಲು ಎಲ್ಲಿ ಮುಗಿಯಿತು, ಬಾನು ಎಲ್ಲಿ ಮೊದಲಾಯಿತು ಎಂಬುದು ತಿಳಿಯದು.

ಆ ಅನಂತದಿಂದ ದೃಷ್ಟಿಯನ್ನು ಕೆಳಕ್ಕೆ ಇಳಿಸಿದಾಗ ಮತ್ತೆ ಕಾಣುವುದು ಹತ್ತಿ ಬಂದ ದಾರಿಯ ಆ ಕಲ್ಲುಗೋಡೆಗಳೇ. ಅವಕ್ಕೆ ಗಾರೆಯಿಲ್ಲ. ಕಲ್ಲಿನ ಮೇಲೆ ಕಲ್ಲನ್ನು ಹೊಂದಿಸಿ ಕಟ್ಟಿದ ಗೋಡೆಗಳಾದುದರಿಂದ ಮಳೆಯ ನೀರು ಸಂದುಗಳಿಂದ ಹೊರಕ್ಕೆ ಜಿನುಗುತ್ತದೆ, ಮಣ್ಣು ಉಳಿಯುತ್ತದೆ. ಒಂದು ಕಲ್ಲು ಜಾರಿದಾಗ ಅದನ್ನು ಮತ್ತೆ ಕೂರಿಸುವವರು ಇರಬೇಕು; ಇಲ್ಲವಾದರೆ ಗೋಡೆ ಕುಸಿಯುತ್ತದೆ, ತೋಟ ಜಾರುತ್ತದೆ. ಈ ಬೆಟ್ಟಗಳು ಮುನಿದರೆ ಏನಾಗುತ್ತದೆಂಬುದನ್ನು ಕರಾವಳಿಯ ಜನ ಬಲ್ಲರು. 1954ರ ಅಕ್ಟೋಬರಿನಲ್ಲಿ ಒಂದು ರಾತ್ರಿ ಸುರಿದ ಮಳೆಗೆ ನೀರೂ ಕೆಸರೂ ಇಳಿದು ಬಂದು, ಸಲೆರ್ನೊ ಮತ್ತು ಸುತ್ತಲಿನ ಊರುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು.

1997ರಲ್ಲಿ ಯುನೆಸ್ಕೊ ಸಂಸ್ಥೆ ಈ ಕರಾವಳಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಯಂತ್ರಗಳು ಏರಲಾಗದ ಈ ತೋಟಗಳ ದುಡಿಮೆ ಕಷ್ಟ, ಗಳಿಕೆ ಅಲ್ಪ. ತರುಣರು ಬೇರೆ ಕಸುಬುಗಳನ್ನು ಹಿಡಿದಿದ್ದಾರೆ. ಹಲವು ಹಂತಗಳಲ್ಲಿ ಈಗ ಮುಳ್ಳುಪೊದೆಗಳು ಬೆಳೆದಿವೆ.

ಉದ್ಯಾನಗಳನ್ನು ಮಾಡಿಸಿದವರ ಹೆಸರುಗಳು ಚರಿತ್ರೆಯಲ್ಲಿ ಉಳಿದಿವೆ. ಗೋಡೆಗಳನ್ನು ಕಟ್ಟಿದವರ ಹೆಸರುಗಳನ್ನು ಬರೆದಿಟ್ಟವರಿಲ್ಲ. ಸಂಜೆ ಅದೇ ಮೆಟ್ಟಿಲುಗಳನ್ನು ಇಳಿಯುವ ಪ್ರವಾಸಿಗೆ, ಹಾದಿಯ ಪಕ್ಕದಲ್ಲಿ ಉರುಳಿದ ಕಲ್ಲನ್ನು ಎತ್ತಿ ಅದರ ಸ್ಥಾನದಲ್ಲಿ ಕೂರಿಸುವ ವೃದ್ಧನೊಬ್ಬ ಕಂಡರೆ, ಅವನ ಮುಂದೆ ಒಂದು ಕ್ಷಣ ನಿಲ್ಲುವುದು ಉಚಿತ. ಮೇಲಿನ ಉಪವನ ನಿಂತಿರುವುದು ಅಂತಹ ಕೈಗಳ ಮೇಲೆ.