ಶ್ರೀರಾಂಪುರ ಡೈರಿ: ಓನರಮ್ಮ ಬಾಡಿಗೆಗೆ ಹೋದ ಕಥೆ

ಭಾಗ 1

ಫೋಟೋದಲ್ಲಿರೋದು ನಮ್ಮನೆ ಮೆಟ್ಟಿಲು. ಹದಿನೈದು-ಮೂವತ್ತರ ಸೈಟಲ್ಲಿ ಮೂರು ಅಂತಸ್ತು ಎದ್ದರೆ ಮೆಟ್ಟಿಲಿಗೆ ಉಳಿಯೋದು ಇಷ್ಟೇ ಜಾಗ. ಶ್ರೀರಾಂಪುರದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಸಿಲಿಂಡರ್ ಹೊತ್ತ ಹುಡುಗ ಹತ್ತಿ ಬರುವಾಗ ಇಳಿಯುವವರು ಮೇಲೇ ನಿಂತಿರಬೇಕು. ಅಮ್ಮನ ಸೊಂಟದ ಮೂಳೆ ಮುರಿದು ಆಪರೇಷನ್ ಆದಮೇಲೆ ನಮ್ಮನೆಯ ತೀರ್ಮಾನಗಳನ್ನೆಲ್ಲ ಈ ಇಪ್ಪತ್ತೆರಡು ಮೆಟ್ಟಿಲುಗಳೇ ಮಾಡೋಕೆ ಶುರು ಮಾಡಿದವು.

ಕೆಳಗಡೆ ಇಳಿಸೋಣ ಅಂದರೆ ಅಲ್ಲಿ ಟೈಲರ್ ಅಂಗಡಿ. ಟಾಯ್ಲೆಟ್ ಹಿಂದುಗಡೆ, ಅದೂ ಕೂರುವ ಥರದ್ದಲ್ಲ. ಹೋಂ ನರ್ಸ್ ಇಟ್ಟೆವು. ಎರಡು ತಿಂಗಳಲ್ಲಿ ಐದು ಜನ ಬಂದು ಹೋದರು. ನಾನು ಪೀಣ್ಯದಲ್ಲಿ ಕೆಲಸ ಮಾಡೋಳು, ಅಣ್ಣ-ಅತ್ತಿಗೆ ಹೊಸೂರಲ್ಲಿ. ಬೆಳಗ್ಗೆ ಎಂಟಕ್ಕೆ ನಾನು ಬಾಗಿಲು ದಾಟಿದರೆ ಸಂಜೆ ಏಳರವರೆಗೆ ಅಮ್ಮನ ಜೊತೆ ಯಾರಿರ್ತಾರೆ ಅನ್ನೋದು ದಿನಾ ಹೊಸ ಪ್ರಶ್ನೆ.

ವೃದ್ಧಾಶ್ರಮ ಅನ್ನೋ ಪದ ಮನೇಲಿ ಯಾರ ಬಾಯಲ್ಲೂ ಬರಲಿಲ್ಲ. ಅಣ್ಣ "ಅಸಿಸ್ಟೆಡ್ ಲಿವಿಂಗ್" ಅಂದ. ಅತ್ತಿಗೆ "ಕೇರ್ ಸೆಂಟರ್" ಅಂದ್ರು. ನಾವು ಅಡುಗೆಮನೇಲಿ ಪಿಸುಪಿಸು ಅಂತ ಮಾತಾಡ್ತಿದ್ದಾಗ ಅಮ್ಮ ಮಂಚದ ಮೇಲಿಂದಲೇ ಕೂಗಿ ಕೇಳಿದರು:

"ಅಡ್ವಾನ್ಸ್ ಎಷ್ಟಂತೆ?"

ಭಾಗ 2

ಅಮ್ಮ ಮೂವತ್ತೊಂದು ವರ್ಷ ಈ ರಸ್ತೇಲಿ ಓನರಮ್ಮ. ಎರಡು ಪೋರ್ಷನ್, ಒಂದು ಅಂಗಡಿ. ಭೋಗ್ಯಕ್ಕೆ ಕೊಟ್ಟವರು, ಬಾಡಿಗೆಗೆ ಕೊಟ್ಟವರು, ನೀರಿನ ಜಗಳ, ಕರೆಂಟ್ ಬಿಲ್ ಜಗಳ, ಎಲ್ಲ ನೋಡಿದವರು. ಹಾಗಾಗಿ ನಾಗಸಂದ್ರ ಮೆಟ್ರೋ ಹತ್ತಿರದ ಆ ಹೋಮ್ ನೋಡೋಕೆ ಹೋದಾಗ ಅವರು ಹೋಗಿದ್ದು ರೋಗಿ ಥರ ಅಲ್ಲ, ಬಾಡಿಗೆ ಮನೆ ನೋಡೋಕೆ ಬಂದವರ ಥರ. ವೀಲ್‌ಚೇರಲ್ಲಿ ಕೂತೇ ನಲ್ಲಿ ತಿರುಗಿಸಿ ನೋಡಿದರು. ಬಾತ್‌ರೂಮಿನ ಹಿಡಿಕೆ ಅಲ್ಲಾಡಿಸಿದರು. ಬಿಸಿನೀರು ಎಷ್ಟೊತ್ತಿಗೆ ಬರತ್ತೆ ಅಂತ ಅಲ್ಲೇ ಇದ್ದ ಇನ್ನೊಬ್ಬ ಅಜ್ಜಿಯನ್ನ ಕೇಳಿದರು, ಮ್ಯಾನೇಜರನ್ನ ಅಲ್ಲ.

ಕರಾರು ಪತ್ರ ಇಂಗ್ಲಿಷಲ್ಲಿತ್ತು. ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿಸಿಕೊಂಡರು. ವರ್ಷಕ್ಕೆ ಎಷ್ಟು ಏರಿಸ್ತೀರಿ? ಆಸ್ಪತ್ರೇಲಿದ್ದ ದಿನಕ್ಕೂ ದುಡ್ಡು ಹಿಡೀತೀರಾ? ಡಯಾಪರ್, ಫಿಸಿಯೋಥೆರಪಿ ಒಳಗೋ ಹೊರಗೋ? ಆಮೇಲೆ ಇದು:

"ನಾನು ಹತ್ತನೇ ತಾರೀಕು ಹೋಗ್ಬಿಟ್ಟೆ ಅಂತಿಟ್ಕೊಳಿ. ಉಳಿದ ಇಪ್ಪತ್ತು ದಿನದ ದುಡ್ಡು?"

"ಅಯ್ಯೋ, ಯಾಕಮ್ಮ ಹಂಗೆಲ್ಲ ಮಾತಾಡ್ತೀರಿ," ಅಂದ್ರು ಮ್ಯಾನೇಜರ್.

"ನಮ್ಮನೇಲಿ ಬಾಡಿಗೆಗಿದ್ದ ಯಜಮಾನ್ರು ತಿಂಗಳ ಮಧ್ಯ ತೀರ್ಕೊಂಡ್ರು. ಲೆಕ್ಕ ಹಾಕಿ ಉಳಿದಿದ್ದು ಅವರ ಮಗನ ಕೈಗೆ ಕೊಟ್ಟೆ. ನೀವು ಕೊಡ್ತೀರೋ ಇಲ್ವೋ, ಅಷ್ಟು ಹೇಳಿ."

ಕೊಡ್ತೀವಿ ಅಂತ ಪೆನ್ನಲ್ಲಿ ಬರೆದು ಸಹಿ ಹಾಕಿದರು. ಅಣ್ಣ ತಲೆ ತಗ್ಗಿಸಿ ಕೂತಿದ್ದ. ನನಗೆ ಮಾತ್ರ ಎಷ್ಟೋ ವಾರಗಳ ನಂತರ ನಮ್ಮಮ್ಮ ವಾಪಸ್ ಬಂದ ಹಾಗೆ ಅನ್ನಿಸ್ತು.

ತಿಂಗಳಿಗೆ 38 ಸಾವಿರ. ಮನೆ ಬಾಡಿಗೆ, ಅಂಗಡಿ ಬಾಡಿಗೆ ಸೇರಿ 31 ಸಾವಿರ ಬರತ್ತೆ. ಉಳಿದಿದ್ದು ಅಣ್ಣ, ನಾನು. "ನನ್ನ ಮನೆ ಬಾಡಿಗೇಲಿ ನಾನು ಬಾಡಿಗೆಗಿದೀನಿ," ಅಂತ ಅಮ್ಮ ಬಂದವರಿಗೆಲ್ಲ ಹೇಳ್ತಾರೆ. ಹೆಮ್ಮೆಯೋ ಬೇಜಾರೋ, ಆ ದನಿಯಲ್ಲಿ ಎರಡೂ ಇದೆ.

ಭಾಗ 3

ಎಲ್ಲ ಚೆನ್ನಾಗಿದೆ ಅಂತ ಬರೆದರೆ ಸುಳ್ಳಾಗತ್ತೆ. ಮೊದಲ ತಿಂಗಳು ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ಸಾರಿಗೆ ಖಾರ ಇಲ್ಲ, ಸಂಜೆ ಏಳಕ್ಕೇ ಊಟ, ಹೊರಗಡೆ ಹೂವಿನವಳ ಕೂಗಿಲ್ಲ. ರಾತ್ರಿ ಹದಿನಾಲ್ಕು ಜನಕ್ಕೆ ಒಬ್ಬಳೇ ಆಯಾ. ಬೆಲ್ ಒತ್ತಿದರೆ ಕೆಲವೊಮ್ಮೆ ಅರ್ಧ ಗಂಟೆ. ಬಾತ್‌ರೂಮಿಗೆ ಹೋಗಬೇಕಾದವರಿಗೆ ಅರ್ಧ ಗಂಟೆ ಅಂದ್ರೆ ಏನು ಅಂತ ಯೋಚಿಸಿ. ಒಬ್ಬೊಬ್ಬರೇ ಹೇಳಿದಾಗ "ನೋಡ್ತೀವಿ" ಅಂತಿದ್ದರು. ಎಂಟು ಮನೆಯವರು ಒಂದು ಭಾನುವಾರ ಒಟ್ಟಿಗೆ ಕೂತು ಕೇಳಿದೆವು. ರಾತ್ರಿಗೆ ಇನ್ನೊಬ್ಬರು ಬಂದರು, ತಿಂಗಳಿಗೆ ಸಾವಿರದೈನೂರು ಜಾಸ್ತಿಯಾಯ್ತು. ಆ ಸಾವಿರದೈನೂರು ನಮಗೆ ಸುಲಭ ಅಲ್ಲ. ಆದರೂ ಕೊಡ್ತೀವಿ.

ಅಲ್ಲಿ ಒಬ್ಬ ತಾತ ಇದ್ದಾರೆ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯವರು. ಮರೆವಿನ ಕಾಯಿಲೆ. ಬೆಳಗ್ಗೆ ಐದಕ್ಕೆಲ್ಲ ಶರ್ಟ್ ಹಾಕ್ಕೊಂಡು ಗೇಟ್ ಹತ್ತಿರ ನಿಲ್ತಾರೆ, ಫಸ್ಟ್ ಶಿಫ್ಟಿಗೆ ಬಸ್ ಬರಬೇಕಲ್ಲ. ವಾಚ್‌ಮನ್ ಈಗ ಕಲಿತಿದ್ದಾನೆ: "ಸಾರ್, ಇವತ್ತು ಸೆಕೆಂಡ್ ಶಿಫ್ಟ್ ಅಂತೆ." ತಾತ ಒಳಗೆ ಹೋಗಿ ಕಾಫಿ ಕುಡೀತಾರೆ.

ಅಮ್ಮನ ಪಕ್ಕದ ರೂಮಿನ ಅಜ್ಜಿ ತಮಿಳರು. ಬೆಂಗಳೂರಲ್ಲೇ ಬಾಳಿ ಚೆನ್ನಾಗಿ ಕನ್ನಡ ಮಾತಾಡ್ತಿದ್ದರಂತೆ. ಮರೆವು ಬಂದಮೇಲೆ ಕಲಿತ ಭಾಷೆ ಮೊದಲು ಹೋಯ್ತು, ಹುಟ್ಟಿದ ಭಾಷೆ ಉಳೀತು. ಅವರನ್ನ ನೋಡ್ಕೊಳ್ಳೋ ಹುಡುಗಿ ರಾಯಚೂರಿನವಳು. ಅಜ್ಜಿ ರಾತ್ರಿಯೆಲ್ಲ ಏನೋ ಕೇಳಿ ಕೇಳಿ ಅಳ್ತಿದ್ದರು, ಯಾರಿಗೂ ಅರ್ಥ ಆಗ್ತಿರಲಿಲ್ಲ.

ನಮ್ಮ ಶ್ರೀರಾಂಪುರ ಗೊತ್ತಲ್ಲ. ಈಗ ಮಂತ್ರಿ ಮಾಲ್ ಇರೋ ಜಾಗದಲ್ಲಿದ್ದ ರಾಜಾ ಮಿಲ್ಲಿಗೆ ನಮ್ಮ ತಾತ ಹೋಗ್ತಿದ್ದರು. ಮಿಲ್ಲಿಗೆ ಬಂದವರ ಮಕ್ಕಳು ಮೊಮ್ಮಕ್ಕಳು ಬೆರೆತು ಬೆಳೆದ ಏರಿಯಾ. ಒಂದೇ ವಠಾರದಲ್ಲಿ ಕನ್ನಡ, ತಮಿಳು, ತೆಲುಗು. ಅಮ್ಮನಿಗೆ ಮೂರೂ ಬರತ್ತೆ. ಅವರು ವಾಕರ್ ಹಿಡ್ಕೊಂಡು ಪಕ್ಕದ ರೂಮಿಗೆ ಹೋಗಿ ಕೂತು ಕೇಳಿದರು. ಅಜ್ಜಿ ಕೇಳ್ತಿದ್ದದ್ದು ಇಷ್ಟೇ: ಹಿತ್ತಲ ಬಾಗಿಲು ಹಾಕಿದೀರಾ?

ಈಗ ದಿನಾ ರಾತ್ರಿ ಒಂಬತ್ತಕ್ಕೆ ಅಮ್ಮ ಹೋಗಿ, ಬಾಗಿಲು ಹಾಕಾಯ್ತು, ಚಿಲಕ ಹಾಕಾಯ್ತು ಅಂತ ತಮಿಳಲ್ಲಿ ಹೇಳಿ ಬರ್ತಾರೆ. ಒಂದು ದಿನ ನಾನು ಎರಡು ದಿನಕ್ಕೆ ಮನೆಗೆ ಕರ್ಕೊಂಡು ಹೋಗ್ತೀನಿ ಅಂದೆ. "ಆ ಅಜ್ಜಿಗೆ ಬಾಗಿಲು ಯಾರು ಹಾಕ್ತಾರೆ?" ಅಂದ್ರು. ನನಗೆ ಅವತ್ತು ಖುಷಿಯಾಯ್ತು. ಮೆಟ್ರೋದಲ್ಲಿ ಬರುವಾಗ ಯಶವಂತಪುರ ದಾಟೋವರೆಗೂ ಅಳುವೂ ಬಂತು.

ಭಾಗ 4

ಮಗಳಿದ್ದೂ ಹೊರಗೆ ಹಾಕಿದ್ಲು ಅನ್ನೋ ಮಾತು ರಸ್ತೇಲಿ ಕೇಳಿದೀನಿ. ಅಂದವರ ಮನೇಲೂ ಈಗ ವಯಸ್ಸಾದವರಿದ್ದಾರೆ, ಅವರನ್ನ ನೋಡ್ಕೊಳ್ಳೋಕೆ ಕೈಗಳು ಕಮ್ಮಿ. 2011ರ ಜನಗಣತಿಯಲ್ಲೇ ಕರ್ನಾಟಕದ ಶೇ. 9.5 ಜನ 60 ದಾಟಿದವರು. ಮನೆಯಲ್ಲೇ ನೋಡ್ಕೊಳ್ಳೋಕೆ ಆಗುವವರು ನೋಡ್ಕೊಳ್ಳಲಿ, ಅದು ದೊಡ್ಡದು. ಆದರೆ ಮೂರನೇ ಮಹಡಿಯ ಕಿಟಕಿಯಲ್ಲಿ ಒಬ್ಬರೇ ಕೂತು ಸಂಜೆಗೆ ಕಾಯೋದನ್ನೂ ನಾವು "ಮನೆ" ಅಂತಲೇ ಕರೀತೀವಿ. ಅಮ್ಮ ಅದನ್ನ ಎರಡು ತಿಂಗಳು ಮಾಡಿದ್ದಾರೆ.

ಯಾರಿಗಾದರೂ ಉಪಯೋಗ ಆಗಬಹುದು ಅಂತ ಕೆಲವು ಮಾತು.

ಹಿರಿಯರ ಸಹಾಯವಾಣಿ 14567, ದೇಶಕ್ಕೆಲ್ಲ ಒಂದೇ ನಂಬರ್. ಬೆಂಗಳೂರಲ್ಲಿ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಶುರು ಮಾಡಿದ ಸಹಾಯವಾಣಿ 1090.

ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರ ಕಾಯ್ದೆ ಇದೆ. ನೋಡ್ಕೊಳ್ಳದ ಮಕ್ಕಳಿಂದ ಜೀವನಾಂಶ ಕೇಳಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅದೇ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡ್ಕೋಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡ್ಕೊಳ್ಳದಿದ್ದರೆ ಆ ದಾನಪತ್ರವನ್ನ ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲೇ ಬರೆದಿರಲಿ. ನಮ್ಮಮ್ಮ ಇನ್ನೂ ಯಾರಿಗೂ ಏನೂ ಬರೆದುಕೊಟ್ಟಿಲ್ಲ. ಬಾಡಿಗೆ ಅವರ ಅಕೌಂಟಿಗೇ ಬರತ್ತೆ, ಹೋಮ್‌ನ ದುಡ್ಡು ಅಲ್ಲಿಂದಲೇ ಹೋಗತ್ತೆ. ಇದು ಹೀಗೇ ಇರಲಿ ಅಂತ ಅಣ್ಣನೂ ನಾನೂ ಒಪ್ಪಿದ್ದೀವಿ.

ಹೋಮ್ ನೋಡೋಕೆ ಹೋದರೆ ಹಗಲು ಒಂದು ಸಲ, ರಾತ್ರಿ ಒಂಬತ್ತರ ಮೇಲೆ ಒಂದು ಸಲ ಹೋಗಿ. ರಾತ್ರಿ ಎಷ್ಟು ಜನ ಇರ್ತಾರೆ ಅಂತ ಎಣಿಸಿ. ಅಲ್ಲಿರೋ ಹಿರಿಯರನ್ನ ಮಾತಾಡಿಸಿ, ಅವರಷ್ಟು ನಿಜ ಬ್ರೋಷರ್ ಹೇಳಲ್ಲ.

ಮುಖ್ಯವಾಗಿ, ನಿಮ್ಮ ಮನೇಲೂ ಈ ಮಾತು ನಡೀತಿದ್ದರೆ ಅಡುಗೆಮನೇಲಿ ಪಿಸುಗುಟ್ಟಬೇಡಿ. ಹೋಗಬೇಕಾದವರನ್ನ ಕೂರಿಸಿಕೊಂಡೇ ಮಾತಾಡಿ. ಕರಾರು ಪತ್ರ ಅವರ ಕೈಗೆ ಕೊಡಿ. ನಾವು ಕೇಳೋಕೆ ಹೆದರೋ ಪ್ರಶ್ನೇನ ಅವರು ಆರಾಮಾಗಿ ಕೇಳ್ತಾರೆ.

#ಶ್ರೀರಾಂಪುರಡೈರಿ #ನಮ್ಮಬೆಂಗಳೂರು #ಹಿರಿಯರು